ಕ್ಯಾಟಲಾಗ್‌ನಲ್ಲಿ ನಾನು ಬದಲಿಸಿದ ಒಂದು ಪದ

ಆ ರಾತ್ರಿ ಬ್ಯಾಕುಲಾ ಎಂಬ ಬ್ಯಾಕಪ್ ತಂತ್ರಾಂಶದ ಜಾಬ್, ಬರೆಯಲು ವಾಲ್ಯೂಮ್ (ಬ್ಯಾಕಪ್ ಡೇಟಾ ತುಂಬುವ ಟೇಪ್ ಅಥವಾ ಫೈಲ್) ಸಿಗದೆ ಕಾಯುತ್ತಾ ನಿಂತಿತ್ತು. ವಾಲ್ಯೂಮ್‌ಗಳ ಗುಂಪಾದ ಪೂಲ್‌ನ ರಿಟೆನ್ಷನ್ ಅವಧಿಯನ್ನು, ಅಂದರೆ ಹಳೇ ಬ್ಯಾಕಪ್ ಎಷ್ಟು ದಿನ ಉಳಿಸಬೇಕು ಎಂಬುದನ್ನು, ಕಾನ್ಫಿಗ್ ಫೈಲ್‌ನಲ್ಲಿ ಆಗಲೇ ಕಡಿಮೆ ಮಾಡಿದ್ದೆ. ಆದರೂ ಒಂದು ವಾಲ್ಯೂಮೂ ಬಿಡುಗಡೆ ಆಗಲಿಲ್ಲ. ಸಿಟ್ಟು ಬಂತು. ಯಾವ ಫೈಲ್ ಯಾವ ವಾಲ್ಯೂಮ್‌ನಲ್ಲಿದೆ ಎಂದು ಬ್ಯಾಕುಲಾ ಬರೆದಿಡುವ ಕ್ಯಾಟಲಾಗ್ ನಮ್ಮಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿತ್ತು. ನೇರವಾಗಿ ಅಲ್ಲಿಗೇ ಹೋಗಿ, ಮೀಡಿಯಾ ಟೇಬಲ್‌ನಲ್ಲಿ ಹಳೇ ವಾಲ್ಯೂಮ್‌ಗಳ ಸ್ಟೇಟಸ್ಸನ್ನು ‘ಪರ್ಜ್ಡ್’ (ಖಾಲಿ ಮಾಡಿದೆ, ಮತ್ತೆ ಬರೆಯಬಹುದು) ಎಂದು ಬದಲಿಸಿದೆ. ಜಾಬ್ ಓಡಿತು. ನೆಮ್ಮದಿಯಿಂದ ಮಲಗಿದೆ.

ಒಂಬತ್ತು ದಿನ ಕಳೆದು ಅಕೌಂಟ್ಸ್‌ನವರು ಅಳಿಸಿಹೋದ ಫೋಲ್ಡರ್ ಬೇಕೆಂದು ಬಂದರು. ರಿಸ್ಟೋರ್ ಪಟ್ಟಿಯಲ್ಲಿ ಎಲ್ಲ ಫೈಲೂ ಕಾಣಿಸಿತು. “ಅರ್ಧ ಗಂಟೆ ಕೊಡಿ ಸಾರ್, ಸಿಗುತ್ತೆ” ಅಂದೆ. ಜಾಬ್ ಎರರ್ ಕೊಟ್ಟು ನಿಂತಿತು.

ಬ್ಯಾಕುಲಾಗೆ ಕಮಾಂಡ್ ಕೊಡುವ ಕನ್ಸೋಲ್‌ನಲ್ಲಿ ಪರ್ಜ್ ಮಾಡಿದರೆ ಆ ವಾಲ್ಯೂಮ್‌ಗೆ ಸೇರಿದ ಜಾಬ್, ಫೈಲ್, ಜಾಬ್‌ಮೀಡಿಯಾ ರೆಕಾರ್ಡ್‌ಗಳೂ ಹೋಗುತ್ತವೆ. ನಾನು ಮುಟ್ಟಿದ್ದು ಒಂದೇ ಕಾಲಂ. ಹಾಗಾಗಿ ಬ್ಯಾಕುಲಾ ಆ ವಾಲ್ಯೂಮ್ ಮೇಲೆ ಹೊಸ ಲೇಬಲ್ ಬರೆದು, ಹೊಸ ಡೇಟಾ ತುಂಬಿತು. ಫೈಲ್ ಟೇಬಲ್ ಮಾತ್ರ ಹಳೆಯದೆಲ್ಲ ಅಲ್ಲೇ ಇದೆ ಅಂತ ಹೇಳುತ್ತಲೇ ಇತ್ತು. ಆ ವಾಲ್ಯೂಮ್‌ನಲ್ಲಿ ಇದ್ದದ್ದು ಫುಲ್ ಬ್ಯಾಕಪ್. ನಂತರದ ಇನ್‌ಕ್ರಿಮೆಂಟಲ್‌ಗಳೆಲ್ಲ (ಬದಲಾದದ್ದನ್ನಷ್ಟೇ ಉಳಿಸುವ ಬ್ಯಾಕಪ್‌ಗಳು) ಅದನ್ನೇ ನಂಬಿಕೊಂಡಿದ್ದವು. ನನಗೆ ಜಾಸ್ತಿ ಹೆದರಿಕೆ ಆಗಿದ್ದು ಇದಕ್ಕೇ: ಒಂಬತ್ತು ದಿನ ಎಲ್ಲೂ ಒಂದು ಎಚ್ಚರಿಕೆಯೂ ಬಂದಿರಲಿಲ್ಲ.

ನಿಜವಾದ ತೊಂದರೆ ಚಿಕ್ಕದು. ರಿಟೆನ್ಷನ್ ಡೀಫಾಲ್ಟ್ ಆಗಿ 365 ದಿನ. ಪ್ರತಿ ವಾಲ್ಯೂಮ್‌ನ ರೆಕಾರ್ಡ್‌ನಲ್ಲೂ ಅದು ಬೇರೆಯಾಗಿ ಬರೆದಿರುತ್ತದೆ. ಕಾನ್ಫಿಗ್ ಬದಲಿಸಿದರೆ ಹೊಸ ವಾಲ್ಯೂಮ್‌ಗಳಿಗಷ್ಟೇ ಅನ್ವಯ. ಹಳೆಯವಕ್ಕೂ ಬೇಕಿದ್ದರೆ ಕನ್ಸೋಲ್‌ನ ಅಪ್‌ಡೇಟ್ ಕಮಾಂಡ್‌ನಲ್ಲಿ ಪೂಲ್‌ನ ಎಲ್ಲ ವಾಲ್ಯೂಮ್‌ಗಳನ್ನೂ ಹೊಂದಿಸಬೇಕು. ಎರಡು ನಿಮಿಷದ ಕೆಲಸ ಅಲ್ವಾ? ಸುಮ್ನೆ ಕೈಪಿಡಿ ತೆರೆದಿದ್ದರೆ ಸಾಕಿತ್ತು.

ಗೊತ್ತಾದ ಕೂಡಲೇ ನಾನು ಬದಲಿಸಿದ್ದ, ಇನ್ನೂ ಬಳಕೆಯಾಗದ ವಾಲ್ಯೂಮ್‌ಗಳನ್ನು ಕನ್ಸೋಲ್‌ನಿಂದ ‘ರೀಡ್ ಓನ್ಲಿ’ ಮಾಡಿದೆ. ಅವು ಉಳಿದವು. ಕ್ಯಾಟಲಾಗ್ ರೆಕಾರ್ಡ್ ಕಳೆದರೂ ವಾಲ್ಯೂಮ್ ಸರಿಯಿದ್ದರೆ ಬ್ಯಾಕುಲಾದ ಬಿಸ್ಕ್ಯಾನ್ ಎಂಬ ಟೂಲ್ ಅದನ್ನು ಓದಿ ರೆಕಾರ್ಡ್‌ಗಳನ್ನು ಮತ್ತೆ ಕಟ್ಟುತ್ತದೆ. ಮೇಲೆ ಬರೆದುಬಿಟ್ಟ ವಾಲ್ಯೂಮ್‌ಗೆ ಆ ದಾರಿಯೂ ಇಲ್ಲ.

ಈಗ ಕ್ಯಾಟಲಾಗ್‌ಗೆ ಕೈ ಹಾಕಲೇಬೇಕಾದರೆ ಮೊದಲು ಜಾಬ್‌ಗಳನ್ನು ನಿಲ್ಲಿಸಿ ಡಂಪ್ (ಡೇಟಾಬೇಸ್‌ನ ಪೂರ್ತಿ ನಕಲು) ತೆಗೆಯುತ್ತೇನೆ. ಬದಲಾವಣೆಗೆ ಬಳಸುವ ಷರತ್ತಿನಲ್ಲೇ ಮೊದಲು ಸೆಲೆಕ್ಟ್ (ಬರೀ ಓದುವ ಕಮಾಂಡ್) ಓಡಿಸಿ ಸಾಲುಗಳನ್ನು ಎಣಿಸುತ್ತೇನೆ. ಬದಲಾವಣೆಯನ್ನು, ಬೇಡವಾದರೆ ರದ್ದು ಮಾಡಬಹುದಾದ ಟ್ರಾನ್ಸಾಕ್ಷನ್ ಒಳಗೇ ಮಾಡಿ, ಕಮಿಟ್ ಮಾಡಿ ಖಾಯಂ ಆಗಿಸುವ ಮುಂಚೆ ಇನ್ನೊಬ್ಬರಿಗೆ ತೋರಿಸುತ್ತೇನೆ.

ಅಕೌಂಟ್ಸ್‌ನವರಿಗೆ ಸಿಕ್ಕಿದ್ದು ಇನ್‌ಕ್ರಿಮೆಂಟಲ್‌ನಲ್ಲಿದ್ದ ಕೆಲವು ಫೈಲ್‌ಗಳು ಮಾತ್ರ. ಉಳಿದದ್ದನ್ನು ಅವರು ಕಾಗದ ನೋಡಿಕೊಂಡು ಮತ್ತೆ ಟೈಪ್ ಮಾಡಿದರು. ಮೂರು ದಿನ ನಾನೂ ಅವರ ಜೊತೆ ಕೂತಿದ್ದೆ.