ತಳ ಮುಟ್ಟದ ಜೀವಕೋಶಗಳು ಮತ್ತು ಆಯಿಯ ಮಂಡಿ

2025ರಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಶಿರಸಿಯ ನಮ್ಮನೆಯಲ್ಲಿ ಜಾಸ್ತಿ ಮಾತಾದದ್ದು ಧಾರವಾಡ ಕೃಷಿ ವಿಶ್ವವಿದ್ಯಾಲಯ ಕಳಿಸಿದ ಹೆಸರು, ಮೆಂತೆ ಕಾಳಿನ ಬಗ್ಗೆ. ಇಲ್ಲಿಯ ಅರಣ್ಯ ಕಾಲೇಜು ಅದೇ ವಿಶ್ವವಿದ್ಯಾಲಯದ್ದು. ಹಾಗಾಗಿ ಅದು ನಮ್ಮದೇ ಸುದ್ದಿ. ಬೆಂಗಳೂರಿನ ಸ್ನಾಯುಕೋಶಗಳೂ ಅದೇ ಯಾನದಲ್ಲಿ ಹೋಗಿವೆ ಎಂದು ನಾನು ಹೇಳಿದ್ದೇ ತಡ, ಆಯಿ ಕೇಳಿದಳು: "ಹಂಗಾದ್ರೆ ಕೂಸೇ, ನನ್ನ ಮಂಡಿಯಲ್ಲಿ ಸವೆದು ಹೋದದ್ದನ್ನೂ ಅಲ್ಲಿ ಬೆಳೆಸಬಹುದಲ್ಲ?"

ವರ್ಷಗಟ್ಟಲೆ ತೋಟದ ಇಳಿಜಾರು ಹತ್ತಿ ಇಳಿದ ಮಂಡಿ ಅದು. ನಾನು ಜೀವಕೋಶ ಬೆಳೆಸುವ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಈ ಪ್ರಶ್ನೆಗೆ ಸುಮ್ನೆ ಹೂಂ ಅನ್ನಲಿಕ್ಕಾಗಲಿಲ್ಲ.

ಮಂಡಿಯಲ್ಲಿ ಸವೆಯುವುದು ಕಾರ್ಟಿಲೇಜ್, ಅಂದರೆ ಮೃದ್ವಸ್ಥಿ. ಅದಕ್ಕೆ ರಕ್ತನಾಳ ಇಲ್ಲ. ಸವೆದರೆ ತಾನಾಗಿ ಸರಿಯಾಗುವುದು ಬಹಳ ಕಡಿಮೆ. ಅದರ ಕೋಶಗಳನ್ನು ತೆಗೆದು ಲ್ಯಾಬಿನ ಪ್ಲಾಸ್ಟಿಕ್ ಫ್ಲಾಸ್ಕಿನಲ್ಲಿ ಹಾಕಿದರೆ ತಳಕ್ಕೆ ಅಂಟಿಕೊಂಡು ಚಪ್ಪಟೆಯಾಗಿ ಹರಡುತ್ತವೆ. ಸಂಖ್ಯೆ ಹೆಚ್ಚುತ್ತದೆ, ಗುಣ ಹೋಗುತ್ತದೆ. ಮೃದ್ವಸ್ಥಿಗೆ ಬೇಕಾದ ಕೊಲಾಜೆನ್ ಎಂಬ ಪ್ರೋಟೀನ್ ಬಿಟ್ಟು ಬೇರೆ ಬಗೆಯದನ್ನು ಮಾಡತೊಡಗುತ್ತವೆ. ದೇಹದಲ್ಲಿ ಅವು ಎಲ್ಲ ದಿಕ್ಕಿಗೂ ಆಸರೆ ಇರುವ ಜಾಗದಲ್ಲಿ ಬದುಕಿದಂಥವು, ಅಲ್ವಾ?

ಕೋಶಗಳಿಗೆ ಹೀಗೆ ಅಂಟಿಕೊಳ್ಳಲು ತಳ ಸಿಗದಂತೆ ಮಾಡುವ ಪಾತ್ರೆಯನ್ನು ಹೂಸ್ಟನ್ನಿನ ನಾಸಾ ಕೇಂದ್ರದವರು ಮಾಡಿದರು. ಅಡ್ಡ ಮಲಗಿಸಿದ ಸಣ್ಣ ಡ್ರಮ್ಮು. ಒಳಗೆ ಪೋಷಕ ದ್ರವ ಗಂಟಲವರೆಗೆ ತುಂಬಿರಬೇಕು, ಒಂದು ಗಾಳಿಗುಳ್ಳೆಯೂ ಇರಬಾರದು. ಗುಳ್ಳೆ ಇದ್ದರೆ ದ್ರವ ಕಲಕಿ ಕೋಶಗಳಿಗೆ ಪೆಟ್ಟಾಗುತ್ತದೆ. ಆಮ್ಲಜನಕ ಬರುವುದು ಸಿಲಿಕೋನ್ ಪೊರೆಯ ಮೂಲಕ. ಡ್ರಮ್ಮು ನಿಧಾನಕ್ಕೆ ತಿರುಗುತ್ತದೆ, ಒಳಗಿನ ದ್ರವವೂ ಅದರ ಜೊತೆಗೇ ತಿರುಗುತ್ತದೆ. ಕೋಶಗಳು ಬೀಳುತ್ತಲೇ ಇರುತ್ತವೆ, ಆದರೆ ತಳ ಮುಟ್ಟುವಷ್ಟರಲ್ಲಿ ತಳವೇ ಮೇಲೆ ಹೋಗಿರುತ್ತದೆ. ಗುರುತ್ವ ಎಲ್ಲೂ ಹೋಗಿರುವುದಿಲ್ಲ. ಒಂದೇ ಕಡೆಗೆ ಎಳೆಯುವುದು ಮಾತ್ರ ನಿಲ್ಲುತ್ತದೆ. ಕೋಶಗಳು ಒಂದನ್ನೊಂದು ಹಿಡಿದು ಉಂಡೆಯಾಗುತ್ತವೆ. ಉಂಡೆ ದೊಡ್ಡದಾದಂತೆ ಬೇಗ ಬೀಳತೊಡಗುತ್ತದೆ, ಆಗ ತಿರುಗುವ ವೇಗ ಹೆಚ್ಚಿಸಬೇಕು. ದಿನಾ ನೋಡಿಕೊಳ್ಳದಿದ್ದರೆ ಆಗುವ ಕೆಲಸವಲ್ಲ. ಆ ಉಂಡೆಗಳನ್ನು ನೋಡುವುದು ನನಗೆ ಇವತ್ತಿಗೂ ಖುಷಿ.

ಆದರೆ ಆಯಿಯ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ರಷ್ಯಾದ ಮಿರ್ ಬಾಹ್ಯಾಕಾಶ ನಿಲ್ದಾಣದಲ್ಲಿ ನಡೆದ ಪ್ರಯೋಗದಲ್ಲಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಲೀಸಾ ಫ್ರೀಡ್, ರಾಬರ್ಟ್ ಲ್ಯಾಂಗರ್, ಗೊರ್ಡಾನಾ ವುನ್ಯಾಕ್ ನೊವಾಕೊವಿಚ್ ಮತ್ತು ಜೊತೆಯವರು ಕರುವಿನ ಮೃದ್ವಸ್ಥಿ ಕೋಶಗಳನ್ನು ಕರಗುವ ನಾರಿನ ಆಸರೆಯ ಮೇಲೆ 3 ತಿಂಗಳು ಭೂಮಿಯಲ್ಲೇ ಬೆಳೆಸಿದರು. ಆಮೇಲೆ ಆ ತುಂಡುಗಳಲ್ಲಿ ಕೆಲವನ್ನು 4 ತಿಂಗಳು ಮಿರ್‌ನಲ್ಲಿಟ್ಟರು, ಕೆಲವನ್ನು ಇಲ್ಲೇ ಬಿಟ್ಟರು. 1997ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡೂ ಕಡೆ ಕೋಶಗಳು ಬದುಕಿದ್ದವು. ಮಿರ್‌ನಲ್ಲಿ ಬೆಳೆದ ತುಂಡುಗಳು ಹೆಚ್ಚು ದುಂಡಗಿದ್ದವು, ಆದರೆ ಚಿಕ್ಕವು, ಬಲದಲ್ಲೂ ಕಡಿಮೆ. ಭೂಮಿಯಲ್ಲಿ ಬೆಳೆದವೇ ಗಟ್ಟಿ.

ನನಗೆ ಇದು ಸೋಲಿನ ಕಥೆ ಅನಿಸುವುದಿಲ್ಲ. ಮೃದ್ವಸ್ಥಿಗೆ ಭಾರ ಬೇಕು. ನಡೆಯುವಾಗ ಅದು ಒತ್ತಿಕೊಂಡು ಮತ್ತೆ ಸಡಿಲಾಗುತ್ತದೆ, ಆಗಲೇ ಕೀಲಿನ ದ್ರವ ಒಳಹೊರಗೆ ಓಡಾಡಿ ಆಹಾರ ಸಿಗುತ್ತದೆ. ಹಾಗಾಗಿ ತಿರುಗುವ ಡ್ರಮ್ಮಿನಿಂದ ಆಕಾರ ಬರಬಹುದು, ಬಲಕ್ಕೆ ಮಾತ್ರ ಒತ್ತಡವೇ ಬೇಕು ಎಂಬುದು ನನ್ನ ನಂಬಿಕೆ. ಬೆಳೆಸಿದ ತುಂಡನ್ನು ಯಂತ್ರದಲ್ಲಿ ಮತ್ತೆ ಮತ್ತೆ ಮೆಲ್ಲಗೆ ಒತ್ತಿ ಗಟ್ಟಿ ಮಾಡುವ ಪ್ರಯೋಗಗಳೂ ನಡೆಯುತ್ತಿವೆ. ನಾನು ಬಿಡದೆ ಓದುವುದು ಅವುಗಳನ್ನೇ.

ಆಯಿಗೆ ಇಷ್ಟನ್ನೂ ಹೇಳಿದೆ. ಇಳಿಜಾರು ಕಡಿಮೆ ಮಾಡು, ಸಮನೆಲದಲ್ಲಿ ನಡೆಯುವುದನ್ನು ಮಾತ್ರ ಬಿಡಬೇಡ, ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ದಿನಾ ಮಾಡು ಎಂದೆ. "ಅಂಗಳದಲ್ಲಿ ನಡೆದ್ರೆ ಸಾಕಾ?" ಎಂದಳು. ಸಾಕು ಎಂದೆ.