ಬೇಸ್‌ಮೆಂಟಿನ ರೇಡಾನ್: ಅಳೆಯುವುದು ಹೇಗೆ, ಬಂದ ಸಂಖ್ಯೆಯನ್ನು ಓದುವುದು ಹೇಗೆ

ಅಮೆರಿಕದಲ್ಲಿ ಮನೆ ಕೊಂಡ ಕನ್ನಡಿಗರು ಬೇಸ್‌ಮೆಂಟನ್ನು ಖಾಲಿ ಬಿಡುವುದು ಕಡಿಮೆ. ಮಕ್ಕಳ ಆಟ, ಆಫೀಸಿನ ಕೆಲಸ, ಊರಿಂದ ಬಂದ ಅಪ್ಪ ಅಮ್ಮನಿಗೆ ಮಲಗುವ ಕೋಣೆ, ಎಲ್ಲವೂ ಅಲ್ಲೇ. ವಿಕಿರಣ ಸೂಸುವ ಅನಿಲವಾದ ರೇಡಾನ್ ಹೆಚ್ಚಾಗಿ ಸೇರಿಕೊಳ್ಳುವುದೂ ಅಲ್ಲೇ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಳೆಯದೆ ತಿಳಿಯುವ ದಾರಿಯೇ ಇಲ್ಲ.

ಮಣ್ಣು ಮತ್ತು ಬಂಡೆಯಲ್ಲಿರುವ ಯುರೇನಿಯಂ ಕ್ಷಯಿಸುತ್ತಾ ರೇಡಿಯಂ ಆಗುತ್ತದೆ, ರೇಡಿಯಂನಿಂದ ರೇಡಾನ್ ಹುಟ್ಟುತ್ತದೆ. ಚಳಿಗಾಲದಲ್ಲಿ ಮನೆಯ ಬಿಸಿ ಗಾಳಿ ಮೇಲೇರಿ ಅಟ್ಟದ ಸಂದುಗಳಿಂದ ಹೊರಹೋಗುತ್ತದೆ. ಆಗ ಕೆಳಗಿನ ಒತ್ತಡ ತಗ್ಗಿ, ಕಾಂಕ್ರೀಟಿನ ಬಿರುಕು, ನೆಲ ಗೋಡೆ ಕೂಡುವ ಸಂದು, ನೆಲದಡಿಯ ನೀರನ್ನು ಹೊರಹಾಕುವ ಸಂಪ್ ಪಂಪಿನ ಗುಂಡಿ, ಪೈಪು ಹಾದ ತೂತುಗಳಿಂದ ಮಣ್ಣಿನೊಳಗಿನ ಗಾಳಿಯನ್ನು ಮನೆಯೇ ಎಳೆದುಕೊಳ್ಳುತ್ತದೆ. ರೇಡಾನಿನಿಂದ ಹುಟ್ಟುವ ಪೊಲೋನಿಯಂ ಎಂಬ ಧಾತು ಉಸಿರಿನ ಜೊತೆ ಶ್ವಾಸಕೋಶ ಸೇರಿ ಅಲ್ಲಿ ಆಲ್ಫಾ ಕಣಗಳೆಂಬ ಬಗೆಯ ವಿಕಿರಣವನ್ನು ಹೊಮ್ಮಿಸುತ್ತದೆ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 21,000 ಜನ ಇದರಿಂದಾಗುವ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುತ್ತಾರೆಂಬುದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎಯ ಅಂದಾಜು. 1984ರಲ್ಲಿ ಪೆನ್ಸಿಲ್ವೇನಿಯಾದ ಲಿಮರಿಕ್ ಅಣುಸ್ಥಾವರದ ನೌಕರ ಸ್ಟ್ಯಾನ್ಲಿ ವಾಟ್ರಸ್ ವಿಕಿರಣದ ಅಲಾರಂ ಹೊಡೆಸುತ್ತಿದ್ದರು. ಸ್ಥಾವರ ಇನ್ನೂ ವಿದ್ಯುತ್ ಉತ್ಪಾದಿಸಲು ಶುರು ಮಾಡಿರಲಿಲ್ಲ, ವಿಕಿರಣ ಬಂದದ್ದು ಅವರ ಮನೆಯಿಂದ. ಅಲ್ಲಿ ಲೀಟರ್ ಗಾಳಿಗೆ ಸುಮಾರು 2,700 ಪಿಕೋಕ್ಯೂರಿ (ವಿಕಿರಣದ ಅಳತೆ) ಇತ್ತು; 4 ಬಂದರೇ ಸರಿಪಡಿಸಿ ಎನ್ನುತ್ತದೆ ಇಪಿಎ.

ಪಕ್ಕದ ಮನೆಯಲ್ಲಿ ಕಡಿಮೆ ಬಂತೆಂದು ನಿಮ್ಮಲ್ಲೂ ಕಡಿಮೆ ಇರಬೇಕಿಲ್ಲ. ಇಪಿಎಯ ರೇಡಾನ್ ನಕ್ಷೆಯಲ್ಲಿ ನಿಮ್ಮ ಕೌಂಟಿಗೆ ಯಾವ ಬಣ್ಣ ಹಚ್ಚಿದ್ದರೂ ನಿಮ್ಮ ಮನೆಯನ್ನು ಅಳೆಯಲೇಬೇಕು.

ಮನೆಯಲ್ಲೇ ಮಾಡುವವರು ಸಾಮಾನ್ಯವಾಗಿ ಕೊಳ್ಳುವುದು ಇದ್ದಿಲಿನ ಕಿಟ್: ಡಬ್ಬಿಯೊಳಗಿನ ಇದ್ದಿಲು ಗಾಳಿಯ ರೇಡಾನನ್ನು ಹೀರುತ್ತದೆ, ಆಮೇಲೆ ಲ್ಯಾಬು ಅದನ್ನು ಅಳೆಯುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಕೆಲವು ರಾಜ್ಯಗಳು ಉಚಿತವಾಗಿಯೂ ಕೊಡುತ್ತವೆ. ಜನ ವಾಸಿಸುವ ಅತಿ ಕೆಳಗಿನ ಅಂತಸ್ತಿನಲ್ಲಿ ಇಡಬೇಕು. ನೆಲದಿಂದ 20 ಇಂಚಾದರೂ ಮೇಲೆ, ಹೊರಗೋಡೆಯಿಂದ 1 ಅಡಿ, ಕಿಟಕಿ ಮತ್ತು ಹೊರಬಾಗಿಲಿನಿಂದ 3 ಅಡಿ ದೂರದಲ್ಲಿರಲಿ. ಅಡುಗೆಮನೆ, ಬಚ್ಚಲುಮನೆ, ಬಟ್ಟೆ ಒಗೆಯುವ ಜಾಗ ಬೇಡ: ತೇವವನ್ನೂ ಇದ್ದಿಲು ಹೀರುತ್ತದೆ, ಲೆಕ್ಕ ಕೆಡುತ್ತದೆ. ಹೀಟರಿನ ಗಾಳಿ ಬರುವ ಕಿಂಡಿಯ ಎದುರೂ ಬೇಡ.

ಹೆಚ್ಚಿನ ಪರೀಕ್ಷೆಗಳು ಕೆಡುವುದು ಕಿಟಕಿಯಲ್ಲಿ. ನಾಲ್ಕು ದಿನಕ್ಕಿಂತ ಕಡಿಮೆ ಅವಧಿಯದಾದರೆ ಕಿಟ್ ತೆರೆಯುವುದಕ್ಕೆ 12 ಗಂಟೆ ಮುಂಚಿನಿಂದಲೇ ಎಲ್ಲ ಅಂತಸ್ತಿನ ಕಿಟಕಿಗಳೂ ಹೊರಬಾಗಿಲುಗಳೂ ಮುಚ್ಚಿರಬೇಕು; ಬೇಸ್‌ಮೆಂಟಿನ ಕಿಟಕಿ ಮಾತ್ರ ಮುಚ್ಚಿದರೆ ಸಾಲದು. ಬಂದು ಹೋಗಲು ಬಾಗಿಲು ತೆಗೆಯಬಹುದು. ಮನೆಯೊಳಗಿನ ಗಾಳಿಯನ್ನೇ ಸುತ್ತಿಸುವ ಹೀಟರ್, ಎಸಿ ನಡೆಯಬಹುದು. ಒಗ್ಗರಣೆ ಹಾಕುವಾಗ ಚಿಮಣಿ ಫ್ಯಾನು ಸ್ವಲ್ಪ ಹೊತ್ತು ಓಡಿದರೆ ಅಡ್ಡಿಯಿಲ್ಲ, ಆದರೆ ಘಾಟಿಗೆಂದು ಕಿಟಕಿ ತೆರೆದಿರೋ, ಪರೀಕ್ಷೆ ಮೊದಲಿನಿಂದ ಮಾಡಬೇಕು. ಬಿರುಗಾಳಿ ಮಳೆಯ ಮುನ್ಸೂಚನೆಯಿದ್ದರೆ ಎರಡು ಮೂರು ದಿನದ ಪರೀಕ್ಷೆಯನ್ನು ಮುಂದೂಡಿ.

ಅವಧಿ ಮುಗಿದ ಮೇಲೆ ಡಬ್ಬಿ ಬಿಗಿಯಾಗಿ ಮುಚ್ಚಿ, ಶುರು ಮಾಡಿದ ಮತ್ತು ಮುಗಿಸಿದ ದಿನಾಂಕ, ಗಂಟೆ ಬರೆದು ಅಂದೇ ಅಂಚೆಗೆ ಹಾಕಿ. ರೇಡಾನಿನ ಅರ್ಧಾಯು 3.8 ದಿನ, ಅಂದರೆ ಅಷ್ಟರಲ್ಲಿ ಅರ್ಧ ಕ್ಷಯಿಸಿಬಿಡುತ್ತದೆ. ಮೇಜಿನ ಮೇಲೆ ವಾರ ಬಿದ್ದಿದ್ದರೆ ಹಿಡಿದದ್ದರಲ್ಲಿ ಮುಕ್ಕಾಲು ಪಾಲು ಹೋಗಿರುತ್ತದೆ, ಲ್ಯಾಬಿಗೆ ಅಳೆಯಲು ಉಳಿಯುವುದು ಅಲ್ಪ. ವಾರಾಂತ್ಯ ಅಡ್ಡ ಬಂದು ಅಂಚೆ ತಡವಾದೀತು, ಶುಕ್ರವಾರ ಮುಗಿಯುವ ಹಾಗೆ ಶುರು ಮಾಡಬೇಡಿ.

ವರ್ಷದ ನಿಜವಾದ ಸರಾಸರಿ ಬೇಕಿದ್ದವರಿಗೆ 90 ದಿನಕ್ಕಿಂತ ಹೆಚ್ಚು ಕಾಲ ಇಡುವ, ಆಲ್ಫಾ ಕಣಗಳು ಬಿಟ್ಟ ಗುರುತುಗಳಿಂದ ಅಳೆಯುವ ಆಲ್ಫಾ ಟ್ರ್ಯಾಕ್ ಕಿಟ್ ಒಳ್ಳೆಯದು. ಮನೆ ಎಂದಿನಂತೆ ನಡೆಯಲಿ, ಕಿಟಕಿ ಮುಚ್ಚಿಕೊಂಡು ಕೂರಬೇಕಿಲ್ಲ. ಕೆನಡಾದಲ್ಲಂತೂ ಕನಿಷ್ಠ ಮೂರು ತಿಂಗಳು, ಅದೂ ಚಳಿಗಾಲದಲ್ಲಿ ಅಳೆಯಬೇಕೆಂಬುದೇ ಸರ್ಕಾರದ ಸಲಹೆ. ಡಿಜಿಟಲ್ ಮಾನಿಟರ್ ಇಟ್ಟುಕೊಂಡವರು ಒಂದು ರಾತ್ರಿಯ ಏರಿಕೆ ಕಂಡು ಗಾಬರಿಯಾಗಬೇಡಿ. ಮಳೆಯಲ್ಲಿ ಅಂಗಳದ ಮಣ್ಣು ನೆನೆದು ಮುಚ್ಚಿಕೊಂಡರೆ ಅನಿಲ ಮನೆಯಡಿಯ ಒಣ ಮಣ್ಣಿನಿಂದ ದಾರಿ ಹುಡುಕುತ್ತದೆ, ಅಂಕಿ ಜಿಗಿಯುತ್ತದೆ. ತಿಂಗಳುಗಟ್ಟಲೆಯ ಸರಾಸರಿಯನ್ನೇ ನೋಡಿ.

ಈಗ ಸಂಖ್ಯೆಗೆ ಬರೋಣ. ಅಮೆರಿಕದ ವರದಿ ಪಿಕೋಕ್ಯೂರಿಯಲ್ಲಿ, ಬೇರೆ ಬಹುತೇಕ ದೇಶಗಳದ್ದು ಬೆಕೆರೆಲ್‌ನಲ್ಲಿ. ಲೀಟರಿಗೆ 1 ಪಿಕೋಕ್ಯೂರಿ ಅಂದರೆ ಘನ ಮೀಟರಿಗೆ 37 ಬೆಕೆರೆಲ್. ಇಪಿಎ ಸರಿಪಡಿಸಿ ಎನ್ನುವುದು 4 ಪಿಕೋಕ್ಯೂರಿ, ಅಂದರೆ 148 ಬೆಕೆರೆಲ್‌ನಿಂದ. ವಿಶ್ವ ಆರೋಗ್ಯ ಸಂಸ್ಥೆ 100 ಬೆಕೆರೆಲ್ ಎನ್ನುತ್ತದೆ, ಕೆನಡಾ 200. ಇಷ್ಟು ವ್ಯತ್ಯಾಸವಿರುವುದಕ್ಕೆ ಕಾರಣ, 4 ಎಂಬುದು ಅಪಾಯ ಶುರುವಾಗುವ ಗೆರೆಯಲ್ಲ. ಜೀವನವಿಡೀ 4ರಲ್ಲಿ ಬದುಕಿದರೆ, ಇಪಿಎ ಲೆಕ್ಕದಲ್ಲಿ, ಸಿಗರೇಟು ಮುಟ್ಟದ 1,000 ಜನರಲ್ಲಿ 7 ಮಂದಿಗೆ, ಸೇದುವ 1,000 ಜನರಲ್ಲಿ 62 ಮಂದಿಗೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. 3.9 ಬಂದವರು ನಿರಾಳವಾಗುವುದನ್ನು ನಾವು ಒಪ್ಪುವುದಿಲ್ಲ. 2ರಿಂದ 4ರ ನಡುವೆ ಬಂದು, ದಿನಕ್ಕೆ ಎಂಟು ಗಂಟೆ ಅಲ್ಲೇ ಕೂತು ಕೆಲಸ ಮಾಡುವವರಿದ್ದರೆ ಸರಿಪಡಿಸಿ. ಇಪಿಎ ಕೂಡ ಆ ನಡುವಿನ ಅಂಕಿಗೆ ಯೋಚಿಸಿ ಎಂದೇ ಹೇಳುತ್ತದೆ.

ಮೊದಲ ಅಲ್ಪಾವಧಿ ಪರೀಕ್ಷೆಯಲ್ಲಿ 4 ಅಥವಾ ಹೆಚ್ಚು ಬಂದರೆ ಇನ್ನೊಂದು ಪರೀಕ್ಷೆ ಮಾಡಿ, ದೀರ್ಘಾವಧಿಯದೋ ಅಲ್ಪಾವಧಿಯದೋ. 8ಕ್ಕಿಂತ ಹೆಚ್ಚಿದ್ದರೆ ಮೂರು ತಿಂಗಳು ಕಾಯದೆ ತಕ್ಷಣ ಎರಡನೆಯ ಅಲ್ಪಾವಧಿ ಪರೀಕ್ಷೆಯನ್ನೇ ಮಾಡಿ, ಎರಡರ ಸರಾಸರಿ 4 ಅಥವಾ ಹೆಚ್ಚಿದ್ದರೆ ರೇಡಾನ್ ಸರಿಪಡಿಸುವವರನ್ನು ಕರೆಯಿರಿ.

ಅಡುಗೆಮನೆಯ ಗ್ರಾನೈಟ್ ಕಟ್ಟೆಯಿಂದ ರೇಡಾನ್ ಬರುತ್ತದೆಯೇ ಎಂದು ಬಹಳ ಜನ ಕೇಳುತ್ತಾರೆ. ಸ್ವಲ್ಪ ಬರಬಹುದು, ಆದರೆ ಮುಖ್ಯ ಮೂಲ ಮನೆಯಡಿಯ ಮಣ್ಣೇ. ಕಟ್ಟೆ ಕೀಳಿಸುವ ದುಡ್ಡನ್ನು ನೆಲದಡಿಗೆ ಹಾಕಿ.

ಬಿರುಕಿಗೆ ಸೀಲೆಂಟ್ ಬಳಿದಷ್ಟಕ್ಕೇ ರೇಡಾನ್ ನಿಲ್ಲುವುದಿಲ್ಲ. ಕಾಂಕ್ರೀಟಿನಲ್ಲಿ ತೂತು ಕೊರೆದು, ಕೆಳಗಿನಿಂದ 3 ಅಥವಾ 4 ಇಂಚಿನ ಪಿವಿಸಿ ಪೈಪು ಎಬ್ಬಿಸಿ, ಫ್ಯಾನಿನಿಂದ ಮಣ್ಣಿನ ಗಾಳಿಯನ್ನು ಸೂರಿನ ಮೇಲಕ್ಕೆ ಹೊರಹಾಕುವುದು ಸರಿಯಾದ ವಿಧಾನ. ಫ್ಯಾನು ಅಟ್ಟದಲ್ಲೋ ಮನೆಯ ಹೊರಗೋ ಇರಬೇಕು. ಬೇಸ್‌ಮೆಂಟಿನಲ್ಲೇ ಕೂರಿಸಿದರೆ ಅದರ ಮೇಲಿನ ಪೈಪು ಎಲ್ಲಿ ಸೋರಿದರೂ ರೇಡಾನ್ ಒಳಗೇ ಸುರಿಯುತ್ತದೆ. ಸಂಪ್ ಗುಂಡಿಗೆ ಗಾಳಿಯಾಡದ ಮುಚ್ಚಳ ಹಾಕಿಸಿ. ಫ್ಯಾನು ಶುರುವಾಗಿ 24 ಗಂಟೆ ಕಳೆದ ಮೇಲೆ, 30 ದಿನದೊಳಗೆ ಮತ್ತೆ ಅಳೆಯಿರಿ, ಆಮೇಲೆ ಎರಡು ವರ್ಷಕ್ಕೊಮ್ಮೆ. ಪೈಪಿನ ಮೇಲೆ ಬಣ್ಣದ ದ್ರವದ ಯು ಆಕಾರದ ಕೊಳವೆಯೊಂದು ಇರುತ್ತದೆ. ಎರಡೂ ಕಡೆ ದ್ರವ ಒಂದೇ ಮಟ್ಟಕ್ಕೆ ಬಂದಿದ್ದರೆ ಎಳೆತವಿಲ್ಲ, ಬಹುಶಃ ಫ್ಯಾನು ನಿಂತಿದೆ. ಬಟ್ಟೆ ಒಗೆಯಲು ಕೆಳಗಿಳಿದಾಗಲೆಲ್ಲ ಅದರತ್ತ ಒಮ್ಮೆ ಕಣ್ಣು ಹಾಯಿಸಿ.