ಒಂದೇ ವಾರ, ಒಂದೇ ಚಕ್ರ, ಮೂರು ಪಂಚರ್

ಬೆಂಗಳೂರಲ್ಲಿ ನಾಗರಭಾವಿಯಿಂದ ಪೀಣ್ಯ ಸೆಕೆಂಡ್ ಸ್ಟೇಜಿಗೆ ಸೈಕಲ್ಲಲ್ಲಿ ಕೆಲಸಕ್ಕೆ ಹೋಗೋಕೆ ಶುರು ಮಾಡಿ ಮೂರು ವರ್ಷ ಆಯ್ತು. ಹೋಗ್ತಾ ಸುಮಾರು ಹತ್ತು ಕಿಲೋಮೀಟ್ರು, ಬರ್ತಾ ಹತ್ತು, ರಿಂಗ್ ರೋಡಿನ ಸರ್ವೀಸ್ ರೋಡ್ ಹಿಡ್ಕೊಂಡು ಸುಮನಹಳ್ಳಿ, ಲಗ್ಗೆರೆ, ಗೊರಗುಂಟೆಪಾಳ್ಯ. ಏರು, ಧೂಳು, ಹಿಂದಿಂದ ಹಾರ್ನ್ ಹೊಡ್ಕೊಂಡು ಬರೋ ಲಾರಿ ಎಲ್ಲಾ ಅಭ್ಯಾಸ ಆಗೋಯ್ತು. ಆದ್ರೆ ಸೈಕಲ್ ಸಹವಾಸವೇ ಸಾಕು ಅಂತ ಅನ್ಸಿದ್ದು ಒಂದೇ ಸಲ, ಹೋದ ವರ್ಷ ಮಳೆಗಾಲದಲ್ಲಿ, ಅದೂ ಪಂಚರ್ ದೆಸೆಯಿಂದ.

ಸೋಮವಾರ ಬೆಳಿಗ್ಗೆ ಲಗ್ಗೆರೆ ಹತ್ರ ಹಿಂದಿನ ಚಕ್ರ ಅಲ್ಲಾಡೋಕೆ ಶುರುವಾಯ್ತು, ಇಳಿದು ನೋಡಿದ್ರೆ ಗಾಳಿ ಅರ್ಧ ಹೋಗಿದೆ. ತಳ್ಕೊಂಡು ಹೋಗಿ ಪಂಚರ್ ಅಂಗಡೀಲಿ ಪ್ಯಾಚ್ ಹಾಕ್ಸಿದೆ. ಬುಧವಾರ ಮತ್ತೆ ಅದೇ ಚಕ್ರ. ಈ ಸಲ ಹೋದ ಅಂಗಡೀಲಿ "ಸೈಕಲ್ ಮಾಡಲ್ಲ ಸಾರ್, ಟ್ಯೂಬ್‌ಲೆಸ್ ಮಾತ್ರ" ಅಂದ್ರು, ಮುಂದಿನ ಅಂಗಡೀಲೂ ಅದೇ ಮಾತು. ಅವ್ರನ್ನ ಬೈಯೋಕೂ ಮನಸ್ಸು ಬರಲ್ಲ, ಬೈಕಿನ ಟೈರಿಗೆ ಚಕ್ರ ಬಿಚ್ಚದೇನೇ ರಬ್ಬರ್ ಸ್ಟ್ರಿಪ್ ತುರುಕಿ ಐದು ನಿಮಿಷದಲ್ಲಿ ದುಡ್ಡು ಎಣಿಸ್ಕೋಬಹುದು, ಸೈಕಲ್ಲಂದ್ರೆ ಚಕ್ರ ಬಿಚ್ಚಬೇಕು, ಟ್ಯೂಬ್ ಎಳೀಬೇಕು, ನೀರಲ್ಲಿ ಅದ್ದಬೇಕು, ಇಷ್ಟೆಲ್ಲಾ ಮಾಡಿದ್ಮೇಲೆ ಸಿಗೋದು ಮೂವತ್ತೋ ನಲವತ್ತೋ ರೂಪಾಯಿ. ಆದ್ರೂ ಗೇಟಿಗೆ ಲೇಟಾಗ್ತಿರೋವಾಗ ಸೈಕಲ್ ತಳ್ಕೊಂಡು ನಡೆಯೋವ್ನಿಗೆ ಹೊಟ್ಟೆ ಉರಿಯುತ್ತೆ. ಅವತ್ತು ಹೇಗೋ ಒಂದ್ಕಡೆ ಮಾಡ್ಸಿದೆ. ಶುಕ್ರವಾರ ಸಂಜೆ ಮೂರನೇ ಸಲ.

ಶುಕ್ರವಾರ ನಂಗೆ ಸಿಕ್ಕಿದ್ದು ಲಗ್ಗೆರೆ ಒಳಗಡೆ ಮರದ ಕೆಳಗೆ ಕೂರೋ ಒಬ್ರು ತಾತ. ಒಂದು ಪ್ಲಾಸ್ಟಿಕ್ ಟಬ್ಬು, ಕೈ ಪಂಪು, ಒಂದು ಮರದ ಪೆಟ್ಟಿಗೆ, ಅವ್ರ ಅಂಗಡಿ ಅಂದ್ರೆ ಅಷ್ಟೇ. ಟ್ಯೂಬ್ ಎಳೆದು, ಗಾಳಿ ಹೊಡ್ದು, ಟಬ್ಬಲ್ಲಿ ಮುಳುಗಿಸಿ, ಗುಳ್ಳೆ ಬಂದ ಜಾಗ ಗುರುತು ಮಾಡಿದ್ರು. ಇಷ್ಟು ಎಲ್ರೂ ಮಾಡ್ತಾರೆ. ಆದ್ರೆ ಇವ್ರು ಪ್ಯಾಚ್ ಹಾಕೋಕೆ ಮೊದ್ಲು ಟ್ಯೂಬನ್ನ ಟೈರ್ ಮೇಲೆ ಇದ್ದ ಹಾಗೇ ಇಟ್ರು, ಗಾಳಿ ತುಂಬೋ ವಾಲನ್ನ ರಿಮ್ಮಲ್ಲಿ ಅದು ಕೂರೋ ಜಾಗಕ್ಕೆ ಸರಿಯಾಗಿ ಹೊಂದಿಸಿ, ತೂತು ಟೈರಿನ ಯಾವ ಭಾಗಕ್ಕೆ ಬರುತ್ತೆ ಅಂತ ನೋಡಿದ್ರು. ಆಮೇಲೆ ಹಳೇ ಬನಿಯನ್ ಬಟ್ಟೆ ತಗೊಂಡು ಟೈರ್ ಒಳಗಡೆ ಆ ಜಾಗದ ಸುತ್ತ ಮೆಲ್ಲಗೆ ಉಜ್ಜುತ್ತಾ ಹೋದ್ರು. ಒಂದ್ಕಡೆ ಬಟ್ಟೆ ಸಿಕ್ಕಾಕ್ಕೊಂಡ್ತು. ಇಕ್ಕಳದಲ್ಲಿ ಹಿಡಿದು ಎಳೆದ್ರೆ ಕೂದಲಿನಷ್ಟು ಸಣ್ಣ ತಂತಿ, ಉದ್ದ ನನ್ನ ಉಗುರಿನ ಅರ್ಧ ಇಲ್ಲ.

"ಇದು ಒಳಗಿದ್ರೆ ನೂರು ಪ್ಯಾಚ್ ಹಾಕಿದ್ರೂ ಅಷ್ಟೇ ಮಗಾ, ಮೊದ್ಲು ಟೈರ್ ನೋಡ್ಬೇಕು, ಟ್ಯೂಬ್ ಆಮೇಲೆ" ಅಂದ್ರು.

ವಾರ ಪೂರ್ತಿ ನಾನು ಮೂರು ಬೇರೆ ಬೇರೆ ಪಂಚರ್ ಅಂದ್ಕೊಂಡಿದ್ದು ಒಂದೇ ತಂತಿ ಮಾಡಿದ ಕೆಲ್ಸ. ಮೊದಲೆರಡು ಸಲ ಟ್ಯೂಬ್ ರಿಪೇರಿ ಆಯ್ತು, ಟೈರ್ ಒಳಗೆ ಯಾರೂ ಕೈ ಹಾಕಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ.

ಈ ತಂತಿ ಎಲ್ಲಿಂದ ಬರುತ್ತೆ ಅಂದ್ರೆ ಲಾರಿ ಟೈರಿಂದ. ರೇಡಿಯಲ್ ಟೈರ್ ಒಳಗೆ ಉಕ್ಕಿನ ತಂತಿ ಬಲೆ ಇರುತ್ತೆ, ಟೈರ್ ಸಿಡಿದು ಚಿಂದಿಯಾಗಿ ರಸ್ತೆ ಪಕ್ಕ ಬಿದ್ದಾಗ ಆ ತಂತಿಗಳು ಬಿಡಿಬಿಡಿಯಾಗಿ ಧೂಳಲ್ಲಿ ಸೇರ್ಕೊಳ್ತಾವೆ. ಕಾರಿಗೆ ಬೈಕಿಗೆ ಇದು ಲೆಕ್ಕಕ್ಕೇ ಇಲ್ಲ, ಸೈಕಲ್ ಟೈರಿನ ರಬ್ಬರ್ ತೆಳು, ಚುಚ್ಚಿ ನಿಧಾನಕ್ಕೆ ಒಳಗೆ ಹೋಗ್ತಾ ಹೋಗ್ತಾ ಎರಡು ದಿನದ ಮೇಲೆ ಟ್ಯೂಬ್ ಮುಟ್ಟುತ್ತೆ. ಇನ್ನು ಪೀಣ್ಯ ಒಳಗೆ ಬಂದ್ರೆ ಲೇತ್ ಮಷಿನ್ನಿಂದ ಬರೋ ಕಬ್ಬಿಣದ ಸುರುಳಿ ಚೂರುಗಳು, ಸ್ಕ್ರ್ಯಾಪ್ ತುಂಬ್ಕೊಂಡು ಹೋಗೋ ಟೆಂಪೋಗಳಿಂದ ತಿರುವಿನಲ್ಲೆಲ್ಲಾ ಉದುರಿರುತ್ತೆ. ಆ ಟೆಂಪೋಗಳ ಮೇಲೆ ಒಂದು ಟಾರ್ಪಾಲ್ ಬಿಗಿಯಾಗಿ ಕಟ್ಟಿದ್ರೆ ಸಾಕಿತ್ತು, ಇದನ್ನ ನೋಡ್ದಾಗೆಲ್ಲಾ ನಂಗೆ ನಿಜವಾಗ್ಲೂ ಸಿಟ್ಟು ಬರುತ್ತೆ, ಅದೇ ರೋಡಲ್ಲಿ ಎಷ್ಟೊಂದು ಜನ ಫ್ಯಾಕ್ಟರಿ ಕೆಲಸದವ್ರು ಹಳೇ ಸೈಕಲ್ಲಲ್ಲಿ ಶಿಫ್ಟಿಗೆ ಬರ್ತಾರೆ. ಬೆಳ್ಳಂದೂರು ಕಡೆ ರಿಂಗ್ ರೋಡಲ್ಲಿ ಒಬ್ರು ಆಫೀಸಿಗೆ ಹೋಗ್ತಾ ಬರ್ತಾ ಅಯಸ್ಕಾಂತ ಹಿಡಿದು ಕಿಲೋಗಟ್ಟಲೆ ಮೊಳೆ ಆರಿಸಿದ್ದು ಹಿಂದೆ ಪೇಪರಲ್ಲಿ ಬಂದಿತ್ತು, ಅವ್ರ ಮೇಲೆ ನಂಗಿರೋ ಗೌರವ ಆ ವಾರ ಇನ್ನೂ ಜಾಸ್ತಿ ಆಯ್ತು.

ಅವತ್ತಿಂದ ನಾನೇ ಕಲಿಯೋಕೆ ಶುರು ಮಾಡ್ದೆ. ಟೈರ್ ಮೇಲೆ ಕಂಪನಿ ಹೆಸರು ಬರೆದಿರೋ ಜಾಗ ವಾಲ್ ಪಕ್ಕಕ್ಕೇ ಬರೋ ಹಾಗೆ ಕೂರಿಸ್ತೀನಿ, ತಾತ ಮಾಡಿದ ಕೆಲ್ಸ ಇದ್ರಿಂದ ಅರ್ಧ ಸುಲಭ ಆಗುತ್ತೆ, ಟ್ಯೂಬಲ್ಲಿ ತೂತು ವಾಲ್‌ನಿಂದ ಒಂದು ಗೇಣು ಬಲಕ್ಕಿದ್ರೆ ಟೈರಲ್ಲೂ ಹೆಸರಿನಿಂದ ಒಂದು ಗೇಣು ಬಲಕ್ಕೆ ಹುಡುಕಿದ್ರಾಯ್ತು. ಬರಿ ಬೆರಳು ಆಡಿಸ್ಬೇಡಿ, ಕುಯ್ಕೊಳ್ಳುತ್ತೆ. ತೂತು ಟ್ಯೂಬಿನ ಒಳಮುಖಕ್ಕೆ, ಅಂದ್ರೆ ಕಡ್ಡಿ ಕಡೆ ಇದ್ರೆ ಟೈರಲ್ಲಿ ಏನೂ ಸಿಗಲ್ಲ, ಕಡ್ಡಿ ತುದಿ ಮುಚ್ಚೋಕೆ ರಿಮ್ ಒಳಗೆ ಸುತ್ತಿರೋ ರಿಮ್ ಟೇಪ್ ಜರುಗಿ ಆ ತುದಿ ಒತ್ತಿರುತ್ತೆ. ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು ಇದ್ರೆ ಅದು ಮುಳ್ಳೂ ಅಲ್ಲ ಮೊಳೆಯೂ ಅಲ್ಲ, ಗಾಳಿ ಕಮ್ಮಿ ಇದ್ದಾಗ ಗುಂಡಿಗೆ ಬಿದ್ದು ರಿಮ್ಮಿಗೂ ರಸ್ತೆಗೂ ಮಧ್ಯೆ ಟ್ಯೂಬ್ ಜಜ್ಜಿರೋದು. ನನ್ನದು 700 ಬೈ 35 ಅಳತೆ ಟೈರು, ಗಾಳಿ ಒತ್ತಡ ಹಿಂದೆ 65 ಪಿಎಸ್‌ಐ ಮುಂದೆ 55 ಇಡ್ತೀನಿ, ಪ್ರತಿ ಭಾನುವಾರ ಪಂಪ್ ಹಾಕಿ ನೋಡ್ತೀನಿ, ಇದೊಂದು ಅಭ್ಯಾಸ ಆದ್ಮೇಲೆ ಆ ಜಜ್ಜೋ ಪಂಚರ್ ಒಂದೂ ಆಗಿಲ್ಲ. ನಿಮ್ದಕ್ಕೆ ಎಷ್ಟು ಅಂತ ಟೈರಿನ ಪಕ್ಕದಲ್ಲೇ ಬರೆದಿರುತ್ತೆ.

ಪ್ಯಾಚ್ ಹಾಕೋದ್ರಲ್ಲಿ ನಾನು ಮೊದಮೊದ್ಲು ಮಾಡ್ತಿದ್ದ ತಪ್ಪು ಒಂದೇ, ಅವಸರ. ಉಪ್ಪುಕಾಗದದಲ್ಲಿ ಉಜ್ಜಿ, ಸಲ್ಯೂಷನ್, ಅಂದ್ರೆ ಪ್ಯಾಚಿನ ಅಂಟು, ತೆಳ್ಳಗೆ ಸವರಿ, ಅದು ಪೂರ್ತಿ ಒಣಗೋ ತನಕ ನಾಲ್ಕೈದು ನಿಮಿಷ ಕಾಯ್ಬೇಕು. ಹಸಿ ಇರೋವಾಗ್ಲೇ ಅಂಟಿಸಿದ್ರೆ ಸಂಜೆಯೊಳಗೆ ಎದ್ದು ಬರುತ್ತೆ. ಮಳೇಲಂತೂ ಈ ಪ್ಯಾಚ್ ಆಟ ಬೇಡವೇ ಬೇಡ, ಒದ್ದೆ ಟ್ಯೂಬಿಗೆ ಏನೂ ಹಿಡಿಯಲ್ಲ, ಹಾಳಾದ್ದು ಪಂಚರ್ ಜಾಸ್ತಿ ಆಗೋದೂ ಮಳೇಲೇ, ಗಾಜಿನ ಚೂರು ತಂತಿ ಎಲ್ಲಾ ನೀರಿಗೆ ಟೈರಿಗೆ ಅಂಟ್ಕೊಳ್ಳುತ್ತೆ, ಒದ್ದೆ ರಬ್ಬರನ್ನ ಸುಲಭವಾಗಿ ಕುಯ್ಯುತ್ತೆ. ಅದಕ್ಕೇ ಬ್ಯಾಗಲ್ಲಿ ಯಾವಾಗ್ಲೂ ಒಂದು ಹೊಸ ಟ್ಯೂಬ್ ಇರುತ್ತೆ, ದಾರೀಲಿ ಟ್ಯೂಬ್ ಬದಲಾಯಿಸೋದು, ಪ್ಯಾಚ್ ಮನೆಗೆ ಬಂದು ಹಾಕೋದು. ಜೊತೆಗೆ ರಿಮ್ಮಿಂದ ಟೈರ್ ಎಬ್ಬಿಸೋಕೆ ಎರಡು ಟೈರ್ ಲಿವರ್, ಸಣ್ಣ ಪಂಪು, ಬನಿಯನ್ ಬಟ್ಟೆ, ಒಂದು ಚಿಕ್ಕ ಇಕ್ಕಳ. ಹಿಂದಿನ ಚಕ್ರ ಬಿಚ್ಚೋ ಮುಂಚೆ ಚೈನನ್ನ ಹಿಂದಿನ ಅತಿ ಚಿಕ್ಕ ಗೇರಿಗೆ ತಂದ್ಬಿಡಿ, ಬಿಚ್ಚೋದೂ ಹಾಕೋದೂ ಎರಡೂ ಸಲೀಸು. ಈಗ ನಂಗೆ ಎಲ್ಲಾ ಸೇರಿ ಹದಿನೈದು ನಿಮಿಷ ಹಿಡಿಯುತ್ತೆ.

ನಮ್ಮಪ್ಪ ಶಿರಾದಲ್ಲಿ ಕಪ್ಪು ದೊಡ್ಡ ಸೈಕಲ್ ಇಟ್ಕೊಂಡಿದ್ರು. ಅಲ್ಲಿ ಶತ್ರು ಅಂದ್ರೆ ಬಳ್ಳಾರಿ ಜಾಲಿ ಮುಳ್ಳು. ಅಪ್ಪ ಸೀಟಿನ ಕೆಳಗಿನ ಚೀಲದಲ್ಲಿ ವಾಲ್ ಟ್ಯೂಬಿನ ತುಂಡು ಇಟ್ಕೊಂಡಿರ್ತಿದ್ರು, ಆ ಸಣ್ಣ ರಬ್ಬರ್ ಕೊಳವೆ ಹರಿದ್ರೂ ಗಾಳಿ ಹೋಗೋದು, ಪಂಚರ್ ಅಂದ್ಕೊಂಡು ಟ್ಯೂಬ್ ಎಳೆಯೋ ಮುಂಚೆ ವಾಲ್ ಬಾಯಿಗೆ ಎಂಜಲು ಹಚ್ಚಿ ಗುಳ್ಳೆ ಬರುತ್ತಾ ನೋಡೋರು. ಈಗ ನನ್ನ ಸೈಕಲ್ಲಲ್ಲಿ ಇರೋದು ಬೈಕಿಗೆ ಬರೋ ಥರದ ದಪ್ಪ ವಾಲ್, ಬೇಕಂತ್ಲೇ ಅದನ್ನ ತಗೊಂಡೆ, ಯಾವ ಪೆಟ್ರೋಲ್ ಬಂಕಲ್ಲಾದ್ರೂ ಗಾಳಿ ಹಿಡಿಸ್ಬಹುದು. ಬಂಕಲ್ಲಿ ಮಾತ್ರ ಸ್ವಲ್ಪ ಸ್ವಲ್ಪವೇ ಬಿಡಿ ಅಂತ ಹೇಳ್ಬೇಕು, ಒಂದೇ ಸಲ ಬಿಟ್ರೆ ಟ್ಯೂಬ್ ಸಿಡಿಯುತ್ತೆ.

ಮರದ ಕೆಳಗಿನ ತಾತ ಈಗ ಅಲ್ಲಿಲ್ಲ. ಡ್ರೈನೇಜ್ ಕೆಲ್ಸಕ್ಕೆ ರಸ್ತೆ ಅಗೆದ್ರು, ಮೂರು ತಿಂಗಳಾದ್ಮೇಲೆ ಮುಚ್ಚಿದ್ರು, ಅವ್ರು ವಾಪಸ್ ಬರ್ಲಿಲ್ಲ. ಪಕ್ಕದ ಟೀ ಅಂಗಡೀಲಿ ಕೇಳಿದ್ರೆ ಮಗಳ ಮನೆಗೆ ಹೋಗಿದಾರೆ ಅಂದ್ರು. ಸೈಕಲ್ ಮುಟ್ಟೋ ಅಂಗಡಿಗಳ ಪಟ್ಟಿ ಒಂದು ನನ್ನ ಫೋನಲ್ಲಿದೆ, ನಾಗರಭಾವಿ ಸರ್ಕಲ್ ಹತ್ರ ಒಂದು, ಪೀಣ್ಯದಲ್ಲಿ ಎರಡು. ಸುಮನಹಳ್ಳಿಯಿಂದ ಗೊರಗುಂಟೆಪಾಳ್ಯದ ತನಕ ಒಂದೂ ಇಲ್ಲ. ನಿಮಗೆ ಆ ಕಡೆ ಯಾರಾದ್ರೂ ಗೊತ್ತಿದ್ರೆ, ಗಾಡಿ ಮೇಲೆ ಇಟ್ಕೊಂಡಿರೋರಾದ್ರೂ ಸರಿ, ಯಾವ ಬಸ್ ಸ್ಟಾಪ್ ಹತ್ರ ಅಂತ ಹೇಳಿ, ಸೇರಿಸ್ಕೋತೀನಿ.